ಹಾಲಹಟ್ಟಿಯ ಬೀಚು

ಹಾಲಹಟ್ಟಿಗೂ ಸಮುದ್ರಕ್ಕೂ ಸುತರಾಂ ಸಂಬಂಧವಿಲ್ಲ. ಬೀಳಗಿಯಲ್ಲಿ ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲಿ ಇನ್ನೊಂದು ಹಿಡಿದು, ಘಟ್ಟದ ತಿರುವುಗಳಲ್ಲಿ ಉಂಡದ್ದನ್ನೆಲ್ಲ ಕಕ್ಕಿಕೊಂಡು ಇಳಿದರೆ ಮಾತ್ರ ಸಮುದ್ರ. ಆದರೂ ಹಾಲಹಟ್ಟಿ ಪಟ್ಟಣ ಪಂಚಾಯತಿಯ ಕಚೇರಿ ಗೋಡೆಯ ಮೇಲೆ ‘ಬೀಚಿಗೆ ದಾರಿ’ ಎಂದು ನೀಲಿ ಬಣ್ಣದಲ್ಲಿ ಬರೆದು ಪಕ್ಕದಲ್ಲೊಂದು ಬಾಣ ಬಿಡಿಸಿದ್ದಾರೆ. ಬಾಣದ ಜಾಡು ಹಿಡಿದು ಹೋದರೆ ಸಿಗುವುದು ಕೃಷ್ಣೆಯ ಹಿನ್ನೀರು. ಇದನ್ನು ಓದಿ ನಕ್ಕವರು ಬಹಳ. ನಗಲಾರದವಳು ಒಬ್ಬಳಿದ್ದಾಳೆ, ಯಾಕೆಂದರೆ ಆ ಬೀಚಿನ ಕಾಗದದ ಮೇಲಿರುವ ಸಹಿ ಅವಳದು.

ಹಳೇ ಹಾಲಹಟ್ಟಿ ಇದೇ ನೀರಿನ ತಳದಲ್ಲಿದೆ. ಅಣೆಕಟ್ಟಿನ ಗೇಟು ಇಳಿಸಿದ ವರ್ಷ ಊರಿಗೆ ಊರೇ ಗಂಟುಮೂಟೆ ಕಟ್ಟಿ ಗುಡ್ಡ ಏರಿತು. ಗುಡ್ಡದ ಮೇಲೆ ಸರ್ಕಾರ ಸುಣ್ಣದ ಗೆರೆ ಎಳೆದು ಕೊಟ್ಟ ಜಾಗಕ್ಕೆ ಪುನರ್ವಸತಿ ಕೇಂದ್ರ ಎಂದು ಹೆಸರಾಯಿತು. ಹೊಲ ಕಳೆದುಕೊಂಡವರಿಗೆ ಪರಿಹಾರ ಬಂತು. ಕುರಿ ಮೇಯಿಸುವವರು ಏನು ಕಳೆದುಕೊಂಡಿದ್ದಾರೆ, ಅವರ ಕುರಿ ತಮ್ಮ ಕಾಲ ಮೇಲೆ ತಾವೇ ನಡೆದುಕೊಂಡು ಬಂದವಲ್ಲ ಎಂದು ಸಾಹೇಬರು ಬರೆದುಕೊಂಡು ಹೋದರು. ಕುರಿ ಬಂದವು, ನಿಜ. ಅವು ಮೇಯುತ್ತಿದ್ದ ಊರ ಹುಲ್ಲುಗಾವಲು, ಗಾಯರಾಣ, ಬರಲಿಲ್ಲ. ಗಾಯರಾಣಕ್ಕೆ ಕಾಲಿಲ್ಲ ಎಂಬುದು ಸಾಹೇಬರ ಪುಸ್ತಕದಲ್ಲಿ ಇರಲಿಲ್ಲವೇನೋ.

ಹಾಗೆಂದು ಕುರಿಯವರು ಸತ್ತುಹೋಗಲಿಲ್ಲ. ಮುಳುಗಿಸಿದ ನೀರೇ ಅವರಿಗೊಂದು ದಾರಿ ತೋರಿಸಿತು. ಹೋಳಿ ಹುಣ್ಣಿವೆ ದಾಟಿದ ಮೇಲೆ ಹಿನ್ನೀರು ದಿನಕ್ಕಿಷ್ಟು ಹಿಂದೆ ಸರಿಯುತ್ತದೆ. ಸರಿದಲ್ಲೆಲ್ಲ ಕರಿ ರಾಡಿ. ಎಂಟು ದಿನ ಬಿಟ್ಟು ನೋಡಿದರೆ ರಾಡಿಯ ಮೇಲೆ ಎಳೆ ಹುಲ್ಲು. ಸುತ್ತಲಿನ ಗುಡ್ಡವೆಲ್ಲ ಬೋಳಿಸಿದ ತಲೆಯ ಹಾಗೆ ನಿಂತಿರುವ ಎರಡೂವರೆ ತಿಂಗಳು ಹಾಲಹಟ್ಟಿಯ ಮೂವತ್ತು ಮನೆಯ ಕುರಿ ಜೀವ ಹಿಡಿಯುವುದು ಈ ದಂಡೆಯ ಮೇಲೆ. ದಂಡೆ ಇದ್ದರೆ ಹಿಂಡು ಉಳಿಯುತ್ತದೆ, ಇಲ್ಲದಿದ್ದರೆ ಕೆರೂರಿನ ಕುರಿ ಸಂತೆಗೆ ಹೊಡೆದುಕೊಂಡು ಹೋಗಬೇಕು. ಇಷ್ಟೇ ಅವರ ಲೆಕ್ಕ, ಇದಕ್ಕಿಂತ ಹೆಚ್ಚಿನದು ಏನೂ ಇಲ್ಲ.

ಪದ್ಮವ್ವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಮನೆಯಲ್ಲಿ ಎಂಬತ್ತು ಕುರಿ. ಗಂಡ ದುಂಡೇಶ ಹಾವು ಕಡಿದು ತೀರಿಕೊಂಡ ಮೇಲೆ ಹಿಂಡನ್ನು ಕಾಯ್ದವರು ಅವಳು ಮತ್ತು ಮೈದುನ ಮಾಳು. ಅವಳು ಸೊಸೆಯಾಗಿ ಬಂದಾಗ ಮಾಳುವಿಗೆ ಮೂರು ವರ್ಷ. ಮೂಗು ಒರೆಸಿ, ರೊಟ್ಟಿ ಮುರಿದು ಬಾಯಿಗಿಟ್ಟು ಬೆಳೆಸಿದವಳು ಅವಳೇ. ಈಗ ಅವನಿಗೂ ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು ಕಾಣಿಸಿಕೊಂಡಿವೆ. ಮೈದುನ ಎನ್ನುವುದು ಬಾಯಿಮಾತಿಗೆ, ಮಗನೆಂದರೂ ಅವನೇ.

ಇಂಥ ಪದ್ಮವ್ವ ಅಧ್ಯಕ್ಷೆಯಾದದ್ದು ಹೀಗೆ. ಹಾಲಹಟ್ಟಿಯ ಜೊತೆ ಪಕ್ಕದ ಊರೊಂದನ್ನು ಸೇರಿಸಿ ಸರ್ಕಾರ ಪಟ್ಟಣ ಪಂಚಾಯತಿ ಎಂದು ಬೋರ್ಡು ಹಾಕಿತು. ಊರಿನವರು ಗುಲಾಲು ಎರಚಿಕೊಂಡು ಕುಣಿದರು. ಪಟ್ಟಣವಾದ ಮೇಲೆ ಉದ್ಯೋಗ ಖಾತ್ರಿ ಕೂಲಿ ನಿಂತಿತು, ಮನೆ ಪಟ್ಟಿ ಏರಿತು, ಹಟ್ಟಿ ಮುಂದೆ ಗೊಬ್ಬರದ ಗುಂಡಿ ತೋಡಿದರೆ ನೋಟೀಸು ಬರತೊಡಗಿತು. ಆಮೇಲೆ ಕುಣಿತವೂ ನಿಂತಿತು. ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗದ ಹೆಂಗಸಿಗೆ ಮೀಸಲು ಎಂದು ಬಂದಾಗ ಅಪ್ಪಾಸಾಬ ಸದಸ್ಯೆಯಾಗಿ ಆರಿಸಿ ಬಂದಿದ್ದ ಪದ್ಮವ್ವನ ಮನೆ ಬಾಗಿಲಿಗೆ ಬಂದ. ಅಪ್ಪಾಸಾಬನೆಂದರೆ ಕಬ್ಬಿನ ಧಣಿ. ಎರಡು ಟಿಪ್ಪರು, ಒಂದು ಜೆಸಿಬಿ, ಹದಿಮೂರು ಸದಸ್ಯರಲ್ಲಿ ಹತ್ತು ಮಂದಿ ಅವನ ಅಂಗಿ ಕಿಸೆಯಲ್ಲಿ. ತಾನು ಉಪಾಧ್ಯಕ್ಷನಾಗಿ ಹಿಂದೆ ನಿಂತು, ಮುಂದೆ ಒಬ್ಬಳನ್ನು ಕೂರಿಸಬೇಕಿತ್ತು.

“ಕಾಗದದ ಮ್ಯಾಲೆ ನನಗ ನಂಬಿಕಿ ಇಲ್ರೀ ಪದ್ಮವ್ವ,” ಎಂದ ಅಪ್ಪಾಸಾಬ. “ನಿಮ್ಮ ಬೀರಪ್ಪನ ಮುಂದ ಭಂಡಾರ ಹಿಡೀರಿ. ನಾ ಯಾವ ಠರಾವಿಗೆ ಕೈ ಎತ್ತತೇನಿ, ಅದಕ್ಕ ನಿಮ್ಮ ಸಹಿ ಬೀಳಬೇಕು. ಇಷ್ಟ.”

ಭಂಡಾರವೆಂದರೆ ದೇವರ ಮುಂದಿನ ಅರಿಷಿಣದ ಪುಡಿ. ಕುರಿ ಮೇಯಿಸುವ ಈ ಜನ ಕೋರ್ಟಿಗೆ ಅಂಜುವುದಿಲ್ಲ, ಪೊಲೀಸರಿಗೆ ಅಷ್ಟಕ್ಕಷ್ಟೆ. ಆದರೆ ಭಂಡಾರ ಮುಷ್ಟಿಯಲ್ಲಿ ಹಿಡಿದು ಆಡಿದ ಮಾತನ್ನು ಮುರಿದವನ ಹಿಂಡು ವರ್ಷ ತುಂಬುವುದರೊಳಗೆ ಅಳಿಯುತ್ತದೆ ಎಂದು ಹುಟ್ಟಿದಾಗಿನಿಂದ ನಂಬಿದವರು. ಅಪ್ಪಾಸಾಬನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದ.

ಪದ್ಮವ್ವನೇನೂ ದಡ್ಡಿಯಲ್ಲ. ಗುಡಿಯಲ್ಲಿ ಪೂಜಾರಿ ಹಾಲಸಿದ್ದಪ್ಪ ಅವಳ ಮುಷ್ಟಿಗೆ ಭಂಡಾರ ಸುರಿಯುವ ಮೊದಲು ಅವಳು ಕೈ ಹಿಂದೆಳೆದುಕೊಂಡಳು.

“ನಾ ಹಿಡಿದ್ರ ನೀವೂ ಹಿಡೀಬೇಕ್ರಿ ಅಪ್ಪಾಸಾಬ. ದಂಡಿ ಮ್ಯಾಲಿಂದ ನಮ್ಮ ಕುರಿ ಎಬ್ಬಸಂಗಿಲ್ಲ ಅಂತ.”

ಅಪ್ಪಾಸಾಬ ನಕ್ಕು ಅಂಗೈ ಚಾಚಿದ. ಇಬ್ಬರ ಮುಷ್ಟಿಯೂ ಹಳದಿಯಾಯಿತು. ಅವತ್ತು ಮನೆಗೆ ಬಂದ ಪದ್ಮವ್ವ ಮಾಳುವಿನ ಮುಂದೆ ತನ್ನ ಜಾಣತನ ಹೇಳಿಕೊಂಡು ಸಣ್ಣ ಹುಡುಗಿಯ ಹಾಗೆ ಖುಷಿಪಟ್ಟಳು. “ಅವ ನನ್ನ ಕಟ್ಟಿದ್ರ, ನಾನೂ ಅವನ್ನ ಕಟ್ಟೇನಿ ನೋಡೋ,” ಎಂದಳು. ಮಾಳುವಿಗೂ ಹೆಮ್ಮೆಯಾಯಿತು. ವೈನಿಯ ಜಾಣತನವನ್ನು ಮೂವತ್ತು ಮನೆಗೂ ಅವನೇ ಸಾರಿ ಬಂದ.

ಪಂಚಾಯತಿಗೆ ಸರ್ಕಾರ ಕೊಟ್ಟ ಮುಖ್ಯಾಧಿಕಾರಿ ಕರಾವಳಿಯವರು. ಬಿಸಿಲಿಗೆ ಮುಖ ಸುಟ್ಟುಕೊಂಡು, ಜೋಳದ ರೊಟ್ಟಿಗೆ ಹೊಟ್ಟೆ ಕೆಡಿಸಿಕೊಂಡು ದಿನ ದೂಡುತ್ತಿದ್ದರು. ಒಂದು ಸಂಜೆ ಗುಡ್ಡದ ಮೇಲೆ ನಿಂತು ಹಿನ್ನೀರು ನೋಡಿದವರಿಗೆ ತಮ್ಮೂರು ನೆನಪಾಯಿತು. “ನಮ್ಮ ಕಡೆ ಇಂಥ ನೀರಿದ್ದಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಹೋಟೆಲು ಏಳುತ್ತಿತ್ತು ಮಾರಾಯ್ರೆ,” ಎಂದರಂತೆ. ಪಕ್ಕದಲ್ಲಿದ್ದ ಅಪ್ಪಾಸಾಬನ ಕಿವಿ ನೆಟ್ಟಗಾಯಿತು. ಬೀಚೆಂದರೆ ಮರಳು, ಮರಳೆಂದರೆ ಟಿಪ್ಪರು. ಮಳೆಗಾಲ ಮುಗಿಯುತ್ತಿದ್ದಂತೆ ಸದಸ್ಯರೆಲ್ಲ ಅಧ್ಯಯನ ಪ್ರವಾಸವೆಂದು ಟೆಂಪೋ ಹತ್ತಿದರು. ಹೋದದ್ದು ಸಮುದ್ರದ ಮಗ್ಗುಲಿನ ಒಂದು ಸಣ್ಣ ಪಟ್ಟಣ ಪಂಚಾಯತಿಗೆ. ಮುಖ್ಯಾಧಿಕಾರಿಗಳು ಹಿಂದೆ ಅಲ್ಲಿದ್ದವರು.

ಆ ಊರೂ ಹಾಲಹಟ್ಟಿಯಷ್ಟೇ. ಒಂದು ಬಸ್‌ಸ್ಟ್ಯಾಂಡು, ಒಂದು ಮೀನು ಮಾರುಕಟ್ಟೆ, ಹೆಂಚಿನ ಕಚೇರಿ. ಕಚೇರಿಯ ಹಿಂದೆಯೇ ಸಮುದ್ರ. ದಂಡೆಯ ಮೇಲೆ ಸಿಮೆಂಟಿನ ಬೆಂಚು, ಹುಲ್ಲಿನ ಛತ್ರಿ, ಬಣ್ಣದ ಕಲ್ಲು ಹಾಸಿದ ದಾರಿ. ಸದಸ್ಯರೆಲ್ಲ ಪ್ಯಾಂಟು ಮಡಚಿ ನೀರಿಗಿಳಿದು ಕಿರುಚಾಡಿದರು. ಪದ್ಮವ್ವ ಇಳಿಯಲಿಲ್ಲ. ನೀರಿನ ಅಂಚಿಗೇ ನಿಂತಳು. ಇದು ಯಾವ ಊರು ಮುಳುಗಿಸಿ ನಿಂತ ನೀರೋ ಎಂದು ಮೊದಲು ಅವಳಿಗೆ ಅನ್ನಿಸಿದ್ದು. ಕೈಯಲ್ಲೊಂದಿಷ್ಟು ನೀರೆತ್ತಿ ಬಾಯಿಗೆ ಹಾಕಿ ನೋಡಿದಳು. ಥೂ ಎಂದು ಉಗುಳಿ ನೆರಳು ಹುಡುಕುತ್ತ ಹೋದಳು.

ಒಂದು ಬೆಂಚಿನ ಹಿಂದೆ ನೆಲದ ಮೇಲೆ ಕೂತು ಒಬ್ಬಾಕೆ ಬಲೆ ಹೊಲಿಯುತ್ತಿದ್ದಳು. ಪದ್ಮವ್ವನ ವಯಸ್ಸಿನವಳೇ. ಬೆಂಚು ಖಾಲಿಯಿದ್ದರೂ ನೆಲದ ಮೇಲೆ ಕೂತವಳನ್ನು ಕಂಡು ಪದ್ಮವ್ವನಿಗೆ ತನ್ನವಳೆನಿಸಿತು. ತಾನೂ ಹೋಗಿ ಪಕ್ಕದಲ್ಲಿ ಕೂತಳು. ಇವಳ ಕನ್ನಡ ಅವಳಿಗೆ ಅರ್ಧ, ಅವಳದು ಇವಳಿಗೆ ಅರ್ಧ.

“ಛಲೋ ಮಾಡ್ಯಾರಲ್ಲ ಬೇ, ನಿಮ್ಮ ದಂಡಿ,” ಎಂದಳು ಪದ್ಮವ್ವ.

ಆಕೆ ಸೂಜಿ ನಿಲ್ಲಿಸಿದಳು. “ಯಾರಿಗೆ ಚೆಂದ? ನಮ್ಮ ದೋಣಿ ಎಳ್ದ್ ಇಡುಕೆ ಜಾಗ ಇಲ್ಲೆ ಈಗ. ಕೂಕಂಬೋರಿಗೆ ಬೆಂಚ್ ಹಾಕಿರ್. ದೋಣಿ ತಕಂಡ್ ಎರಡ್ ಮೈಲಿ ಆಚೆ ಹೋಯ್ಕ್.”

“ಯಾರ ಮಾಡಿದ್ರ ಹಿಂಗ?”

“ನಮ್ಮೋಳೇ. ಆಗ ಅಧ್ಯಕ್ಷೆ ಆದದ್ದ್ ನಮ್ಮ ಕೇರಿ ಹೆಣ್ಣೇ. ಅದ್ಕ್ ಎಂತ ಗೊತ್ತಿಲ್ಲೆ ಪಾಪ. ಹಾಕು ಅಂದಲ್ಲಿ ಸಹಿ ಹಾಕ್ತ್.” ಆಕೆ ಮತ್ತೆ ಸೂಜಿ ಎತ್ತಿಕೊಂಡಳು. “ಈಗ ಅದ್ರ ಒಟ್ಟಿಗೆ ಕೇರಿಯಲ್ಲಿ ಯಾರೂ ಮಾತಾಡುದಿಲ್ಲೆ.”

ಪದ್ಮವ್ವನಿಗೆ ಎಲ್ಲ ಮಾತೂ ತಿಳಿಯಲಿಲ್ಲ. ದೋಣಿ, ಸಹಿ, ಇಷ್ಟು ತಿಳಿಯಿತು. ಹಿಂದಕ್ಕೆ ಬರುವಾಗ ಟೆಂಪೋದಲ್ಲಿ ಅಪ್ಪಾಸಾಬ ಮುಂದಿನ ಸೀಟಿನಿಂದ ತಿರುಗಿ, “ಹೆಂಗ್ರಿ ಅಧ್ಯಕ್ಷರ, ನಮ್ಮಲ್ಲೂ ಇಂಥಾದ್ದೊಂದು ಆದ್ರ ಹೆಂಗ?” ಎಂದು ಕೇಳಿದ. “ನಮ್ಮ ದಂಡಿ ಮ್ಯಾಲೆ ಕುರಿ ಅದಾವಲ್ರಿ,” ಎಂದಳು ಅವಳು. “ಅದಾವ, ಅದಾವ,” ಎಂದು ಅವನು ಮುಂದಕ್ಕೆ ತಿರುಗಿದ. ಅವನು ಭಂಡಾರ ಹಿಡಿದವನು, ಮಾತಿಗೆ ಸಿಕ್ಕವನು ಎಂದು ಪದ್ಮವ್ವ ತನಗೆ ತಾನೇ ಹೇಳಿಕೊಂಡಳು. ಮನೆ ಮುಟ್ಟುವವರೆಗೂ ಅದನ್ನೇ ಹೇಳಿಕೊಂಡಳು.

ದೀಪಾವಳಿ ಕಳೆದು ಒಂದು ವಾರಕ್ಕೆ ಅಪ್ಪಾಸಾಬ ಹಟ್ಟಿಗೇ ಬಂದ. ಎಂದೂ ಸಗಣಿ ತುಳಿಯದ ಚಪ್ಪಲಿ ಹಿಕ್ಕೆಯಲ್ಲಿ ಹೂತುಹೋದರೂ ಮುಖ ಸಿಂಡರಿಸಲಿಲ್ಲ.

“ಒಂದ ಟಗರು ಬೇಕಾಗಿತ್ರಿ ಪದ್ಮವ್ವ. ಬೀರಪ್ಪಗ ಹರಕಿ ಐತಿ. ಊನ ಇಲ್ಲದ್ದ ಇರಬೇಕು.”

ಅಪ್ಪಾಸಾಬನಂಥವನು ತಮ್ಮ ದೇವರಿಗೆ ನಡೆದುಕೊಳ್ಳುತ್ತಾನೆಂದರೆ ಸಣ್ಣ ಮಾತೆ? ಪದ್ಮವ್ವನ ಎದೆ ಹಗುರವಾಯಿತು. ದೇವರಿಗೆ ಅಂಜುವವನು ಕೊಟ್ಟ ಮಾತಿಗೂ ಅಂಜುತ್ತಾನೆ. ಹಿಂಡಿನೊಳಗೆ ಹೋಗಿ ಅವಳು ತಾನೇ ಆರಿಸಿದಳು: ಕಪ್ಪು ಮೈ, ಹೆಗಲ ಮೇಲೆ ಅಂಗೈಯಗಲದ ಬಿಳಿ ಮಚ್ಚೆ. ತಾಯಿ ಸತ್ತಿದ್ದ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಹಾಲೂಡಿಸಿ ಬೆಳೆಸಿದ ಟಗರು. ಮಾಳು, “ವೈನಿ, ಮಚ್ಚ್ಯಾ ಬ್ಯಾಡ, ಬ್ಯಾರೇದು ಕೊಡೂನು,” ಎಂದ. “ದೇವರಿಗಂತ ಕೇಳಾಕತ್ತಾರ. ಸೊಟ್ಟದ್ದು ಕೊಡಾಕ ಬರತೈತೇನೋ?” ಎಂದು ಅವಳು ಅವನನ್ನೇ ಗದರಿದಳು. ದುಡ್ಡು ಕೊಡಲು ಬಂದರೆ ಮುಟ್ಟಲಿಲ್ಲ.

ಮೂರು ದಿನ ಬಿಟ್ಟು ಸಭೆಯ ನೋಟೀಸು ಬಂತು. ಗುಮಾಸ್ತ ಕಾಮಣ್ಣ ಓದಿ ಹೇಳಿದ. ಹಿನ್ನೀರಿನ ದಂಡೆಯನ್ನು ಬೀಚು ಎಂದು ಅಭಿವೃದ್ಧಿಪಡಿಸುವುದು. ಮರಳು, ಬೆಂಚು, ಕಲ್ಲಿನ ಹಾಸು, ಸುತ್ತ ತಂತಿಬೇಲಿ. ದಂಡೆಯ ಮೇಲೆ ಜಾನುವಾರು ಮತ್ತು ಕುರಿ ಬಿಡುವುದನ್ನು ನಿಷೇಧಿಸುವುದು. ಠರಾವು ಮಂಡಿಸುವವರು ಉಪಾಧ್ಯಕ್ಷ ಅಪ್ಪಾಸಾಬ.

“ಇನ್ನೊಮ್ಮೆ ಓದು,” ಎಂದಳು ಪದ್ಮವ್ವ. ಕಾಮಣ್ಣ ಇನ್ನೊಮ್ಮೆ ಓದಿದ. ಅದೇ ಇತ್ತು.

ಅಲ್ಲಿಂದ ಎದ್ದವಳು ನೇರ ಹೋದದ್ದು ಹಾಲಸಿದ್ದಪ್ಪನ ಮನೆಗೆ. ಎಪ್ಪತ್ತು ದಾಟಿದ ಮುದುಕ. ಅವಳ ಮದುವೆಯಲ್ಲಿ ಕಂಬಳಿ ಹಾಸಿ ಕೂರಿಸಿದವನು, ಗಂಡನ ಮಣ್ಣಿನಲ್ಲಿ ಮೊದಲ ಹಿಡಿ ಮಣ್ಣು ಹಾಕಿದವನು. ಅವನ ಕಾಲ ಬಳಿ ಕೂತು ಅವಳು ಎಲ್ಲವನ್ನೂ ಹೇಳಿದಳು.

“ಯಜ್ಜಾ, ಅವ ಮಾತು ಮುರದಾನ. ನಾ ಸಹಿ ಮಾಡಿದ್ರ ನಮ್ಮ ಹಿಂಡು ಸಾಯತಾವು. ಮಾಡ್ಲಿಲ್ಲಂದ್ರ ಭಂಡಾರದ ಮಾತು ಮುರದಂಗ ಆಗತೈತಿ. ಹಿಡಿದ ಭಂಡಾರ ತಿರುಗಿ ಕೊಡಾಕ ಏನರ ದಾರಿ ಐತೇನು ಹೇಳ್ರಿ. ಏನ್ ಮಾಡಂದ್ರೂ ಮಾಡತೇನಿ.”

ಹಾಲಸಿದ್ದಪ್ಪ ಬಹಳ ಹೊತ್ತು ಕೆಮ್ಮಿದ. ಹಿತ್ತಲ ಬಾಗಿಲು ತೆರೆದಿತ್ತು. ಅಲ್ಲಿ ಉಪ್ಪು ಸವರಿದ ತೊಗಲೊಂದು ಒಳಮೈ ಮೇಲಾಗಿ ಗೂಟಕ್ಕೆ ಬಿಗಿದುಕೊಂಡು ಒಣಗುತ್ತಿತ್ತು. ಪೂಜಾರಿಯ ಮನೆ, ಹರಕೆಯ ತೊಗಲು ಇರುವುದೇ. ಪದ್ಮವ್ವ ಅದನ್ನು ನೋಡಿಯೂ ನೋಡಲಿಲ್ಲ.

“ಭಂಡಾರದ ಮಾತಿಗೆ ಹಿಂದಕ ಬರೂ ದಾರಿ ಇಲ್ಲ ತಂಗಿ,” ಎಂದ ಮುದುಕ ಕಡೆಗೆ. “ಅವ ಮುರದ್ರ ಅವನ ಪಾಪ ಅವಗ. ನೀ ಮುರದಿ ಅಂದ್ರ ಮೂವತ್ತೂ ಮನಿ ಹಿಂಡಿಗೆ ಬರತೈತಿ. ಒಬ್ಬಾಕಿ ಸಲುವಾಗಿ ಎಲ್ಲಾರೂ ಹಾಳಾಗೂದು ಬ್ಯಾಡ. ದೇವರ ಮ್ಯಾಲೆ ಭಾರ ಹಾಕಿ ಸಹಿ ಮಾಡು. ಅವ ನೋಡಕೋತಾನ.”

ಪದ್ಮವ್ವ ಅವನ ಪಾದ ಮುಟ್ಟಿ ಎದ್ದಳು. ಸಭೆಯ ದಿನ ಅಪ್ಪಾಸಾಬ ಕೈ ಎತ್ತಿದ. ಅವನ ಹಿಂದೆ ಹತ್ತು ಕೈ. ಕಾಮಣ್ಣ ಪುಸ್ತಕ ತಂದು ಮುಂದಿಟ್ಟಾಗ ಪದ್ಮವ್ವ ತಲೆ ಎತ್ತಿ ಅಪ್ಪಾಸಾಬನ ಮುಖ ನೋಡಿದಳು. ಅವನ ಮುಖದಲ್ಲಿ ಅಂಜಿಕೆಯ ಗೆರೆಯೊಂದಾದರೂ ಕಂಡೀತೇ ಎಂದು ಹುಡುಕಿದಳು. ಅವನು ನಿರಾಳವಾಗಿ ಚಹಾ ಕುಡಿಯುತ್ತಿದ್ದ. ಬೀರಪ್ಪನ ಮುಂದೆ ಮಾತು ಕೊಟ್ಟು ಮುರಿದವನು ಇಷ್ಟು ನಿರಾಳವಾಗಿ ಇರಲು ಹೇಗೆ ಸಾಧ್ಯ ಎಂದು ಅವಳಿಗೆ ತಿಳಿಯಲಿಲ್ಲ. ಶಾಲೆಯ ಮಕ್ಕಳು ಬರೆಯುವ ಹಾಗೆ ಅಕ್ಷರ ಅಕ್ಷರ ಬಿಡಿಸಿ ತನ್ನ ಹೆಸರು ಬರೆದಳು. ಅವತ್ತು ಸಂಜೆ ಮಾಳು ಊಟ ಮಾಡದೆ ಕಂಬಳಿ ಎತ್ತಿಕೊಂಡು ಹೋಗಿ ಕುರಿಗಳ ನಡುವೆ ಮಲಗಿದ. ಬೈದಿದ್ದರೆ ಚೆನ್ನಾಗಿತ್ತು.

ನೀರು ಸರಿದದ್ದೇ ತಡ, ಟಿಪ್ಪರುಗಳು ಬಂದವು. ಹುಲ್ಲು ಮೂಡಬೇಕಾದ ರಾಡಿಯ ಮೇಲೆ ಮೊಣಕಾಲುದ್ದ ಮರಳು ಸುರಿದರು. ಮೇಲಿನ ಅಂಚಿಗೆ ಕೆಂಪು, ಹಳದಿ ಸಿಮೆಂಟಿನ ಕಲ್ಲು ಹಾಸಿ ಹುಲ್ಲಿನ ಛತ್ರಿ ನೆಟ್ಟರು. ಆಷಾಢ ಕಳೆದರೆ ಇದೆಲ್ಲ ಎರಡಾಳು ನೀರಿನಡಿ ಹೋಗುತ್ತದೆಂದು ಊರಿನ ಕುರುಡನಿಗೂ ಗೊತ್ತು. ಬಿಲ್ಲು ಬರೆದವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಪ್ರತಿ ವರ್ಷ ಮರಳು ಹೋದರೆ ಪ್ರತಿ ವರ್ಷ ಮರಳು ಹಾಕಬೇಕಲ್ಲ. ಬೀಚಿನ ಬಾಯಿಗೆ ಬೀರಪ್ಪನಿಗೊಂದು ಸಿಮೆಂಟಿನ ಕಮಾನು ಎದ್ದಿತು. ಕಮಾನಿನ ಪಕ್ಕದ ಕಾಯಿ ಅಂಗಡಿ ಹಾಲಸಿದ್ದಪ್ಪನ ಅಳಿಯನಿಗೆ ಹೋಯಿತು. ಏಪ್ರಿಲ್ಲಿನಲ್ಲಿ ರಿಬ್ಬನ್ನು ಕತ್ತರಿಸಿದವಳೂ ಪದ್ಮವ್ವನೇ. ಅಪ್ಪಾಸಾಬ ಮೊದಲು ಚಪ್ಪಾಳೆ ತಟ್ಟಿದ. ಮುಖ್ಯಾಧಿಕಾರಿಗಳಿಗೆ ಅದೇ ವಾರ ತಮ್ಮೂರ ಕಡೆ ವರ್ಗವಾಯಿತು. ಜಮಖಂಡಿ, ಮುಧೋಳದಿಂದ ಮೊದಲೆರಡು ಭಾನುವಾರ ನಾಲ್ಕು ಬೈಕು ಬಂದವು, ಫೋಟೋ ತೆಗೆಸಿಕೊಂಡು ಹೋದವು. ಆಮೇಲೆ ಅವೂ ಇಲ್ಲ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಮರಳ ಮೇಲೆ ಕೂರಲು ಯಾರಿಗೆ ಹುಚ್ಚು ಹಿಡಿದಿದೆ?

ಹಿಂಡುಗಳು ಕರಗತೊಡಗಿದವು. ರುಕ್ಮವ್ವನ ಮನೆಯವರು ಮೊದಲು ಮಾರಿದರು, ಆಮೇಲೆ ಶಿದ್ರಾಮಪ್ಪನವರು. ಕಬ್ಬಿನ ಒಣ ಸೋಗೆ ಹಾಕಿದರೆ ಕುರಿ ಮೂಸಿ ಬಿಟ್ಟವು. ಈದ ಕುರಿಗಳ ಕೆಚ್ಚಲು ಬತ್ತಿ ಮರಿಗಳು ಸತ್ತವು. ನೀರಿನ ನಲ್ಲಿಯ ಹತ್ತಿರ ಪದ್ಮವ್ವ ಕೊಡ ಇಟ್ಟರೆ ಉಳಿದ ಹೆಂಗಸರು ತಮ್ಮ ಕೊಡ ಎತ್ತಿಕೊಂಡು ಆಚೆ ಸರಿಯತೊಡಗಿದರು. ಬಲೆ ಹೊಲಿಯುತ್ತಿದ್ದವಳ ಮಾತು ಅರ್ಧವೇ ಅರ್ಥವಾಗಿತ್ತಲ್ಲ, ಉಳಿದರ್ಧ ಈಗ ಅರ್ಥವಾಯಿತು.

ಮೇ ತಿಂಗಳ ಒಂದು ಸೋಮವಾರ ಮಾಳುವಿಗೆ ತಡೆಯಲಾಗಲಿಲ್ಲ. ಉಳಿದ ಐವತ್ತೆಂಟು ಕುರಿಗಳನ್ನು ಹೊಡೆದುಕೊಂಡು ಹೋಗಿ ಬೀಚಿನ ತಂತಿಬೇಲಿ ಕಿತ್ತು ಒಳಗೆ ಬಿಡಲು ನಿಂತ. ಒಂದು ಕುರಿಯೂ ಒಳಗೆ ಕಾಲಿಡುವ ಮೊದಲೇ ಪಂಚಾಯತಿಯವರು ಬಂದು ಹಿಂಡನ್ನೆಲ್ಲ ಕಚೇರಿಯ ಹಿಂದಿನ ದೊಡ್ಡಿಗೆ ಹೊಡೆದು ಬೀಗ ಹಾಕಿದರು. ಕಾನೂನಿನ ಪ್ರಕಾರ, ಇನ್ನು ಮುಂದೆ ದಂಡೆಗೆ ಕುರಿ ತರುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಅಧ್ಯಕ್ಷರು ಬಿಡುಗಡೆ ಮಾಡಬಹುದು.

ಮಾಳು ಅಧ್ಯಕ್ಷರ ಕೋಣೆಗೆ ಬಂದು ಮೇಜಿನ ಮುಂದೆ ನಿಂತ. ಕೂರು ಎಂದರೆ ಕೂರಲಿಲ್ಲ.

“ಮುಚ್ಚಳಿಕಿ ಬರಕೊಡಾಕ ಬಂದೇನ್ರಿ, ಅಧ್ಯಕ್ಷರ,” ಎಂದ.

ಅವಳು ಸೊಸೆಯಾಗಿ ಬಂದಾಗಿನಿಂದ ಅವನು ಅವಳಿಗೆ ‘ರಿ’ ಹಚ್ಚಿರಲಿಲ್ಲ. ಪದ್ಮವ್ವ ಕುರ್ಚಿಯಿಂದ ಎದ್ದಳು. “ಹಂಗ್ಯಾಕ ಮಾತಾಡತೀ ಮಾಳು? ನನ್ನ ಕೈ ಕಟ್ಟಿತ್ತಲ್ಲೋ. ಭಂಡಾರಕ್ಕ ಬಿಡುಗಡಿ ಇಲ್ಲಂತ ಯಜ್ಜ ಹೇಳಿದ್ನಲ್ಲೋ.”

“ಬಿಡುಗಡಿ ಐತಿ ವೈನಿ.” ಮಾಳು ಮೇಜಿಗೆ ಕೈ ಊರಿದ. “ಮುಂಜಾನೆ ನಾ ಯಜ್ಜನ್ ಹಂತೇಕ ಹೋಗಿದ್ದೆ. ಅಪ್ಪಾಸಾಬ ಮಾತು ಮುರದಾನ, ದೇವರು ಅವನ ಕಬ್ಬು ಯಾಕ ಸುಡವಲ್ಲ ಅಂತ ಕೇಳಿದೆ. ‘ಅವ ಮುರದಿಲ್ಲೋ, ಠರಾವಿನಕಿಂತ ಮೊದ್ಲ ಬಂದು ಬಿಡುಗಡಿ ತಗೊಂಡಾನ. ಊನ ಇಲ್ಲದ ಟಗರು ಕೊಟ್ಟು, ಹಿಡಿದ ಭಂಡಾರ ತಿರುಗಿ ದೇವರ ಪಾದಕ್ಕ ಹಾಕ್ಯಾನ’ ಅಂದ ಯಜ್ಜ. ಹೋಗಿ ನೋಡ್ರಿ, ಯಜ್ಜ ಯಾವ ತೊಗಲ ಮ್ಯಾಲೆ ಕುಂತಾನಂತ.”

ಪದ್ಮವ್ವ ಬಿಸಿಲಿನಲ್ಲಿ ಬರಿಗಾಲಲ್ಲೇ ಹೋದಳು. ಹಾಲಸಿದ್ದಪ್ಪ ಗುಡಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ. ಅವನ ಅಡಿಯಲ್ಲಿ ಕಪ್ಪು ತೊಗಲು. ಅದರ ಹೆಗಲ ಜಾಗದಲ್ಲಿ ಅಂಗೈಯಗಲದ ಬಿಳಿ ಮಚ್ಚೆ. ಮೈ ತುಂಬ ಜ್ವರವಿದ್ದ ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಅವಳು ಕೈಯಾಡಿಸಿದ್ದ ಜಾಗ ಅದು.

“ನನಗ ದಾರಿ ಇಲ್ಲಂದ್ರಿ,” ಎಂದಳು.

ಮುದುಕ ಕುಟ್ಟುವುದನ್ನು ನಿಲ್ಲಿಸಿದ. ಅವಳ ಕಣ್ಣು ತಪ್ಪಿಸಿ ಬೀಚಿನ ಕಮಾನಿನ ಕಡೆ ನೋಡಿದ. “ನೀ ಬರಿಗೈಲೆ ಬಂದಿದ್ದಿ ತಂಗಿ. ಅವ ಟಗರು ತಂದಿದ್ದ.”

“ಯಾರ ಟಗರ್ರಿ ಅದು?”

ಹಾಲಸಿದ್ದಪ್ಪ ಮತ್ತೆ ಎಲೆ ಅಡಿಕೆ ಕುಟ್ಟತೊಡಗಿದ. ಪದ್ಮವ್ವನಿಗೆ ಅಪ್ಪಾಸಾಬನ ಮೇಲೆ ಅಷ್ಟೇನೂ ಸಿಟ್ಟು ಬರಲಿಲ್ಲ. ಅವನು ತನ್ನ ಕೆಲಸ ತಾನು ನೋಡಿಕೊಂಡಿದ್ದ; ಅವಳ ದೇವರಿಗೆ ಅವಳಷ್ಟೇ ಅಂಜಿ, ಅವಳಿಗಿಂತ ಮೊದಲು ಬಿಡಿಸಿಕೊಂಡಿದ್ದ, ಅದೂ ಅವಳ ಟಗರು ಕೊಟ್ಟು. ಸಿಟ್ಟು ಬಂದದ್ದು ಈ ಮುದುಕನ ಮೇಲೆ. ಅದಕ್ಕಿಂತ ಹೆಚ್ಚು ಬಂದದ್ದು ದುಡ್ಡು ಬೇಡವೆಂದು ಕೈಮುಗಿದು ಟಗರು ಕೊಟ್ಟ ತನ್ನ ಮೇಲೆ. ಅವತ್ತು ಹಿಡಿದ ಭಂಡಾರವನ್ನು ಕಟ್ಟಿಟ್ಟುಕೊಂಡಿದ್ದ ಸೊಂಟದ ಚೀಲ ಬಿಚ್ಚಿ ಅವನ ಮುಂದೆ ಕಟ್ಟೆಯ ಮೇಲೆ ಇಟ್ಟಳು. “ಇದೂ ನಿಮಗ ಇರಲಿ,” ಎಂದು ತಿರುಗಿದಳು.

ಕಚೇರಿಗೆ ಬಂದು ಕಾಮಣ್ಣನ ಮೇಜಿನಿಂದ ದೊಡ್ಡಿಯ ಬೀಗದ ಕೈ ಎತ್ತಿಕೊಂಡಳು. “ಮುಚ್ಚಳಿಕಿ ಇಲ್ದ ಹೆಂಗ್ರಿ ಅಧ್ಯಕ್ಷರ? ಉಪಾಧ್ಯಕ್ಷರು ಏನಂತಾರ?” ಎಂದು ಕಾಮಣ್ಣ ಹಿಂದೆ ಹಿಂದೆ ಓಡಿಬಂದ. “ಅವರು ಏನಂತಾರೋ ಬರಕೊಂಡು ಬಾ. ಸಹಿ ಮಾಡಂಗಿಲ್ಲ,” ಎಂದು ಬೀಗ ತೆಗೆದಳು. ಮುರಿಯಬಾರದ ಮಾತನ್ನು ಅವಳು ಮುರಿದದ್ದು ಹೀಗೆ. ನವೆಂಬರಿನಲ್ಲಿ ಮುರಿಯಬೇಕಿತ್ತು, ಮುರಿದದ್ದು ಮೇ ತಿಂಗಳಲ್ಲಿ.

ಐವತ್ತೆಂಟು ಕುರಿ ಬಾಣದ ಗುರುತು ಹಿಡಿದು ದಂಡೆಯ ಕಡೆ ನಡೆದವು. ಮುಂದೆ ಮಾಳು, ಹಿಂದೆ ಪದ್ಮವ್ವ. ಬೆಳಗ್ಗೆ ತಡೆದವರು ಅಧ್ಯಕ್ಷರನ್ನೇ ಕಂಡು ದಾರಿ ಬಿಟ್ಟರು. ಕಿತ್ತ ಬೇಲಿ ದಾಟಿ ಹಿಂಡು ಒಳಗೆ ನುಗ್ಗಿತು. ಪ್ರತಿ ವರ್ಷ ಹಸಿರು ಇರುತ್ತಿದ್ದ ಜಾಗ ಕುರಿಗಳಿಗೆ ಗೊತ್ತಿತ್ತು. ಓಡಿ ಹೋಗಿ ಸರಿಯಾಗಿ ಅಲ್ಲೇ ನಿಂತು ಬಾಯಿ ಹಾಕಿದವು. ಸುಡುವ ಮರಳು. ಒಂದಿಷ್ಟು ಹೊತ್ತು ಕಾಲಿನಿಂದ ಕೆರೆದವು. ಕೆಂಪು ಹಳದಿ ಕಲ್ಲುಗಳ ಸಂದಿಯಲ್ಲಿ ಮೂತಿ ಇಟ್ಟವು. ಒಂದು ಮುದಿ ಕುರಿ ಹುಲ್ಲಿನ ಛತ್ರಿಯಿಂದ ಜೋತಾಡುತ್ತಿದ್ದ ಒಣ ಎಳೆಯನ್ನು ಕಚ್ಚಿ ಎಳೆಯಿತು, ಪ್ಲಾಸ್ಟಿಕ್ಕು. ಬಿಟ್ಟಿತು. ಆಮೇಲೆ ಯಾರೂ ಹೊಡೆಯದೆ, ಯಾರೂ ಕರೆಯದೆ ಹಿಂಡು ತಾನಾಗಿಯೇ ಊರ ಕಡೆ ಹೊರಳಿತು.

ಮಾಳು ಕೋಲು ಊರಿಕೊಂಡು ನಿಂತೇ ಇದ್ದ. ಪದ್ಮವ್ವ ಅವನ ಪಕ್ಕಕ್ಕೆ ಬಂದಳು. ಕೆರೂರಿನ ಕುರಿ ಸಂತೆ ಮಂಗಳವಾರ ಎಂಬುದು ಹಾಲಹಟ್ಟಿಯ ಹಸುಗೂಸಿಗೂ ಗೊತ್ತು. ಆದರೂ ಅವಳು ಕೇಳಿದಳು.

“ನಾಳಿ ಯಾವ ವಾರ ಮಾಳು?”